ಖಾಲಿ ಕುರ್ಚಿಯೂ ಅಷ್ಟೇ ವಾಲುವುದೇಕೆ?

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ವಿಯೆನ್ನಾದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಅಲ್ಲಿನ ಪ್ರಾಟರ್ ಉದ್ಯಾನದ ಎತ್ತರದ ಗೋಪುರದಲ್ಲಿ ಸರಪಳಿಗೆ ತೂಗುಬಿಟ್ಟ ಕುರ್ಚಿಯಲ್ಲಿ ನಾನೂ ಮಗಳೂ ಕೂತೆವು. ನನ್ನ ತೂಕ 88 ಕೆ.ಜಿ., ಅವಳದು 31. ಮೇಲೆ ಸುತ್ತುವಾಗ ಅವಳು ‘ಅಪ್ಪಾ, ಆ ಖಾಲಿ ಕುರ್ಚಿನೂ ನಮ್ಮಷ್ಟೇ ವಾಲಿದೆ ನೋಡು’ ಎಂದಳು. ನಿಜವೇ ಆಗಿತ್ತು. ತೂಕ ಲೆಕ್ಕಕ್ಕೆ ಬರುವುದಿಲ್ಲ ಎಂದಾದರೆ, ಹೊರಡುವ ಮೊದಲು ಅಲ್ಲಿನ ಸಿಬ್ಬಂದಿ ನಮ್ಮನ್ನು ಎಬ್ಬಿಸಿ ಎದುರು ಬದಿಯ ಕುರ್ಚಿಗೆ ಕಳಿಸಿದ್ದೇಕೆ? ಮೇಲಿದ್ದಾಗ ಕರೆಂಟ್ ಹೋದರೆ ಗತಿಯೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನಿಮ್ಮ ಮಗಳಿಗೆ ಶಹಬ್ಬಾಸ್ ಹೇಳಬೇಕು. ಅಷ್ಟು ಎತ್ತರದಲ್ಲಿ ಬಹುತೇಕರು ಕಣ್ಣು ಮುಚ್ಚಿಕೊಂಡಿರುತ್ತಾರೆ. ಆಕೆ ಕಣ್ಣು ಬಿಟ್ಟು ನೋಡಿದ್ದಷ್ಟೇ ಅಲ್ಲ, ಪಕ್ಕದ ಕುರ್ಚಿಯ ಜತೆ ಹೋಲಿಸಿಯೂ ನೋಡಿದ್ದಾಳೆ.

ನೀವು ಏರಿದ ಆ ಗೋಪುರ 2010ರಲ್ಲಿ ಶುರುವಾದದ್ದು, ಎತ್ತರ 117 ಮೀಟರ್. ಅದೇ ಉದ್ಯಾನದಲ್ಲಿ 1897ರಿಂದ ತಿರುಗುತ್ತಿರುವ ಪ್ರಸಿದ್ಧ ಜೈಂಟ್ ವ್ಹೀಲ್ ಸುಮಾರು 65 ಮೀಟರ್ ಎತ್ತರದ್ದು. ಈಗ ಇದಕ್ಕಿಂತ ಎತ್ತರದ ಗೋಪುರಗಳೂ ಇವೆ, ಆದರೆ ಕುರ್ಚಿ ಎಷ್ಟು ವಾಲಬೇಕು ಎಂಬುದಕ್ಕೆ ಎತ್ತರದ ಸಂಬಂಧವೇ ಇಲ್ಲ. ನೆಲದಿಂದ ಹತ್ತು ಮೀಟರ್ ಮೇಲಿದ್ದಾಗ ಇರುವ ಲೆಕ್ಕವೇ ನೂರು ಮೀಟರ್‌ನಲ್ಲೂ. ಹೊಟ್ಟೆಯಲ್ಲಿ ಏಳುವ ಸಂಕಟ ಕಣ್ಣಿಗೆ ಕಾಣುವ ಆಳದಿಂದ ಬರುವುದು.

ಈಗ ಸರಪಳಿಯನ್ನೇ ನೋಡೋಣ. ಗೋಪುರ ನಿಂತಿರುವಾಗ ಅದಕ್ಕೆ ಒಂದೇ ಕೆಲಸ: ಕುರ್ಚಿ ಕೆಳಗೆ ಬೀಳದಂತೆ ಎತ್ತಿ ಹಿಡಿಯುವುದು. ಅದಕ್ಕೇ ನೆಟ್ಟಗೆ ಇಳಿಬಿದ್ದಿರುತ್ತದೆ. ಸುತ್ತು ಶುರುವಾದೊಡನೆ ಎರಡನೆಯ ಕೆಲಸ ಸೇರಿಕೊಳ್ಳುತ್ತದೆ. ಚಲಿಸುವ ವಸ್ತುವಿಗೆ ನೇರ ದಾರಿಯೇ ಸಹಜ, ಅದನ್ನು ಕ್ಷಣಕ್ಷಣವೂ ಒಳಕ್ಕೆ ಎಳೆದು ವೃತ್ತದಲ್ಲಿ ತಿರುಗಿಸಬೇಕು. ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದವರಿಗೆ ಇದು ಕೈಗೇ ಗೊತ್ತು: ಕಲ್ಲು ಸುತ್ತುವಷ್ಟು ಹೊತ್ತೂ ಹಗ್ಗ ಕೈಯನ್ನು ಜಗ್ಗುತ್ತದೆ, ಬಿಟ್ಟ ಕ್ಷಣ ಕಲ್ಲು ನೇರ ಹೋಗುತ್ತದೆ. ಮೇಲಕ್ಕೂ ಎಳೆಯಬೇಕು, ಒಳಕ್ಕೂ ಎಳೆಯಬೇಕು. ಒಂದೇ ಸರಪಳಿ ಎರಡನ್ನೂ ಮಾಡಬೇಕೆಂದರೆ ಓರೆಯಾಗಲೇಬೇಕು.

ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಎತ್ತಿ ಹಿಡಿಯಲು ಬೇಕಾದ ಬಲ ತೂಕದಷ್ಟು ಹೆಚ್ಚುತ್ತದೆ. ಒಳಕ್ಕೆ ಎಳೆಯಲು ಬೇಕಾದ ಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಭಾರ ಮೂರು ಪಟ್ಟಾದರೆ ಎರಡೂ ಮೂರು ಪಟ್ಟು. ಓರೆಯನ್ನು ನಿರ್ಧರಿಸುವುದು ಇವೆರಡರ ಅನುಪಾತವಾದ್ದರಿಂದ ತೂಕ ಹೊಡೆದುಹೋಗುತ್ತದೆ. ಉಳಿಯುವುದು ವೇಗ ಮತ್ತು ವೃತ್ತದ ಅಳತೆ ಮಾತ್ರ.

ಅಂಕಿಯಲ್ಲಿ ನೋಡಲು ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಗೋಪುರದ ನಡುವಿನಿಂದ ಸರಪಳಿ ಕಟ್ಟಿದ ತೋಳಿನ ತುದಿಗೆ 6 ಮೀಟರ್, ಸರಪಳಿ 8.5 ಮೀಟರ್. ಒಂದು ಸುತ್ತಿಗೆ 7 ಸೆಕೆಂಡ್ ಆದರೆ ಕುರ್ಚಿ ಹತ್ತಿರ ಹತ್ತಿರ 45 ಡಿಗ್ರಿ ವಾಲಿ, ಗಂಟೆಗೆ 39 ಕಿ.ಮೀ. ಆಸುಪಾಸಿನಲ್ಲಿ ಓಡುತ್ತದೆ. ಅದೇ ಸುತ್ತಿಗೆ 14 ಸೆಕೆಂಡ್ ತೆಗೆದುಕೊಂಡರೆ ವಾಲಿಕೆ ಹತ್ತು ಡಿಗ್ರಿಯನ್ನೂ ಮುಟ್ಟುವುದಿಲ್ಲ. ವೇಗ ಅರ್ಧವಾದರೆ ಓರೆ ಅರ್ಧಕ್ಕಿಂತ ಎಷ್ಟೋ ಕಡಿಮೆ! ಇಳಿಯುವಾಗ ಮೊದಲು ಸುತ್ತು ನಿಧಾನವಾಗುವುದು, ಕುರ್ಚಿಗಳು ಸರಕ್ಕನೆ ಗೋಪುರದ ಹತ್ತಿರ ಬರುವುದು ಇದಕ್ಕೇ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಎಂಜಿನ್ನಿಗೆ ಜೋಡಿಸಿದ, ವೇಗವನ್ನು ಹತೋಟಿಯಲ್ಲಿಡುವ ಗವರ್ನರ್‌ನಲ್ಲೂ ಇದೇ ತತ್ವ: ವೇಗ ಏರಿದರೆ ಎರಡು ಕಬ್ಬಿಣದ ಗುಂಡುಗಳು ಅಗಲಿ ಮೇಲೇಳುತ್ತವೆ, ಅದರಿಂದ ಉಗಿಯ ಕವಾಟ ಕಿರಿದಾಗುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದು. ಬಿಚ್ಚಿಟ್ಟ ಹಳೆಯ ಸೈಕಲ್ ಚಕ್ರವೊಂದು ಬೇಕು. ಅಂಚಿಗೆ ಎದುರುಬದುರಾಗಿ ಒಂದೊಂದು ಗೇಣುದ್ದದ ದಾರ ಕಟ್ಟಿ, ಒಂದಕ್ಕೆ ಕಬ್ಬಿಣದ ನಟ್ಟು, ಇನ್ನೊಂದಕ್ಕೆ ರಬ್ಬರ್ ತೂಗುಬಿಡಿ. ಚಕ್ರ ನೆಲಕ್ಕೆ ಸಮನಾಗಿ ಮಲಗಿರುವಂತೆ ಒಬ್ಬರು ಅಚ್ಚು ಹಿಡಿದರೆ ಇನ್ನೊಬ್ಬರು ಮೆಲ್ಲಗೆ ತಿರುಗಿಸಲಿ. ಎರಡೂ ದಾರ ಒಂದೇ ಓರೆಗೆ ಬಿಚ್ಚಿಕೊಳ್ಳುತ್ತವೆ. ಆಮೇಲೆ ರಬ್ಬರ್ ತೆಗೆದು ಸಡಿಲವಾಗಿ ಮುದುರಿದ ಕಾಗದದ ಉಂಡೆ ಕಟ್ಟಿ. ಅದು ಹೊರಕ್ಕೆ ವಾಲುವುದರ ಜತೆಗೆ ಹಿಂದಕ್ಕೂ ಎಳೆದುಕೊಳ್ಳುತ್ತದೆ, ಏಕೆಂದರೆ ಗಾಳಿ ತಡೆಯುವುದು ಮೈಯ ಅಗಲವನ್ನು ನೋಡಿ, ಭಾರವನ್ನಲ್ಲ. ಖಾಲಿ ಕುರ್ಚಿಯೂ ಹೀಗೆಯೇ ಭರ್ತಿ ಕುರ್ಚಿಗಿಂತ ತುಸು ಹಿಂದೆ ಬೀಳುತ್ತದೆ. ಮುಂದಿನ ಸಲ ಹೋದರೆ ಮಗಳು ಇದನ್ನೂ ಗಮನಿಸಲಿ.

ಇನ್ನು ನಿಮ್ಮನ್ನು ಎಬ್ಬಿಸಿ ಕೂರಿಸಿದ ವಿಚಾರ. ಓರೆಗೆ ತೂಕ ಬೇಡ, ಆದರೆ ಸರಪಳಿಗೂ ಗೋಪುರಕ್ಕೂ ಬೇಕೇ ಬೇಕು. 45 ಡಿಗ್ರಿಯಲ್ಲಿ ಮೈಭಾರ 1.4 ಪಟ್ಟು ಆದಂತೆ ಅನಿಸುತ್ತದೆ: ನೀವು 124 ಕೆ.ಜಿ., ಮಗಳು 44. ಕುರ್ಚಿಯದೇ 30 ಕೆ.ಜಿ. ಎಂದುಕೊಂಡರೂ ಸರಪಳಿಗಳ ಮೇಲೆ ಒಟ್ಟು 210 ಕೆ.ಜಿ. ಬಿದ್ದಂತಾಯಿತು. ಒಳ್ಳೆಯ ಉಕ್ಕಿನ ಸರಪಳಿಗೆ ಇದು ಲೆಕ್ಕಕ್ಕಿಲ್ಲ. ದಿನಕ್ಕೆ ಹತ್ತಾರು ಸಲ ಭಾರ ಏರಿ ಇಳಿದು, ಕೊಂಡಿಗೆ ಕೊಂಡಿ ಉಜ್ಜಿ ಸವೆಯುವುದೇ ಎಂಜಿನಿಯರನ ನಿಜವಾದ ಚಿಂತೆ. ಎಲ್ಲಕ್ಕಿಂತ ಮೇಲಿನ, ತೋಳಿಗೆ ಸೇರುವ ಕೊಂಡಿಯನ್ನು ನಾನಾದರೆ ಮೊದಲು ನೋಡುತ್ತೇನೆ.

ಆ ಓರೆಯಲ್ಲಿ ಪ್ರತಿಯೊಬ್ಬರೂ ಗೋಪುರವನ್ನು ತಮ್ಮ ತೂಕದಷ್ಟೇ ಬಲದಿಂದ ಅಡ್ಡಕ್ಕೆ ಜಗ್ಗುತ್ತಿರುತ್ತಾರೆ. ಎದುರು ಕುರ್ಚಿಯಲ್ಲೂ ಅಷ್ಟೇ ಭಾರವಿದ್ದರೆ ಎರಡೂ ಒಂದನ್ನೊಂದು ಕಳೆಯುತ್ತವೆ. ಎದುರಿಗೆ ಯಾರೂ ಇಲ್ಲದಿದ್ದರೆ ನಿಮ್ಮಿಬ್ಬರ 119 ಕೆ.ಜಿ.ಯ ಜಗ್ಗಾಟ ಹಾಗೇ ಉಳಿದು, ಏಳು ಸೆಕೆಂಡಿಗೊಮ್ಮೆ ಗೋಪುರದ ಸುತ್ತ ದಿಕ್ಕು ಬದಲಿಸುತ್ತಾ ಹೋಗುತ್ತದೆ. ಅಷ್ಟು ಎತ್ತರದ ಉಕ್ಕಿಗೂ ತನ್ನದೇ ಒಂದು ತೂಗುವ ಲಯವಿರುತ್ತದೆ. ಈ ಜಗ್ಗಾಟ ಆ ಲಯಕ್ಕೆ ತಾಳ ಹಾಕಿದರೆ ಓಲಾಟ ಬೆಳೆಯುತ್ತದೆ. ವಿನ್ಯಾಸ ಮಾಡುವವರು ಅಂಥ ಹೊಂದಾಣಿಕೆ ಬರದಂತೆ ನೋಡಿಕೊಂಡಿರುತ್ತಾರೆ, ಆದರೂ ದಿನದಿನದ ಸಮತೋಲ ಕೆಳಗೆ ನಿಂತ ಸಿಬ್ಬಂದಿಯ ಕೈಯಲ್ಲೇ ಇದೆ. ಆತ ಎಬ್ಬಿಸಿದಾಗ ಬೇಸರಪಟ್ಟುಕೊಳ್ಳಬೇಡಿ, ತನ್ನ ಕೆಲಸ ಬಲ್ಲವನು ಎಂದು ತಿಳಿಯಿರಿ.

ಮೇಲೇರುವ ವ್ಯವಸ್ಥೆ ಲಿಫ್ಟ್ ಇದ್ದ ಹಾಗೆ. ಗೋಪುರವನ್ನು ಸುತ್ತುವರಿದ ಒಂದು ಚೌಕಟ್ಟು ಗಾಲಿಗಳ ಮೇಲೆ ಏರಿಳಿಯುತ್ತದೆ, ಉಕ್ಕಿನ ಹಗ್ಗಗಳು ಅದನ್ನು ಎಳೆಯುತ್ತವೆ. ಈ ಚೌಕಟ್ಟು ತಾನು ಸುತ್ತುವುದಿಲ್ಲ. ಅದರ ಹೊರಗೆ ದೊಡ್ಡ ಬೇರಿಂಗ್ ಮೇಲೆ ಕೂತ ಇನ್ನೊಂದು ಬಳೆಯನ್ನು ಮೋಟಾರು ಮತ್ತು ಹಲ್ಲಿನ ಗಾಲಿಗಳು ತಿರುಗಿಸುತ್ತವೆ, ಕುರ್ಚಿಗಳು ತೂಗುವುದು ಆ ಬಳೆಗೆ. ಏರುವುದು, ಸುತ್ತುವುದು ಎರಡೂ ಬೇರೆ ಬೇರೆ ಯಂತ್ರಗಳ ಕೆಲಸವಾದ್ದರಿಂದ ಒಂದು ನಿಂತರೂ ಇನ್ನೊಂದು ನಡೆಯಬಲ್ಲದು. ಗೋಪುರ ಜಾಲರಿಯಂತಿರುವುದು ಗಾಳಿ ನಡುವೆ ಹಾದುಹೋಗಲಿ ಎಂದು. ಗಾಳಿ ಮಿತಿ ಮೀರಿದ ದಿನ ಆಟವನ್ನೇ ನಿಲ್ಲಿಸುತ್ತಾರೆ.

ಕೊನೆಗೆ ಕರೆಂಟ್. ಇಂಥ ಯಂತ್ರಗಳ ಬ್ರೇಕು ನಮ್ಮ ಸ್ಕೂಟರಿನ ಬ್ರೇಕಿಗೆ ತದ್ವಿರುದ್ಧ. ಸ್ಕೂಟರಿನಲ್ಲಿ ಒತ್ತಿದರೆ ಹಿಡಿಯುತ್ತದೆ. ಇಲ್ಲಿ ಸ್ಪ್ರಿಂಗು ಸದಾ ಹಿಡಿದೇ ಇರುತ್ತದೆ, ಕರೆಂಟ್ ಇರುವಷ್ಟು ಹೊತ್ತು ಮಾತ್ರ ಅದನ್ನು ಬಿಡಿಸಿಟ್ಟಿರುತ್ತಾರೆ. ಹೋದ ಕ್ಷಣವೇ ಬ್ರೇಕು ಕಚ್ಚಿಕೊಂಡು ಚೌಕಟ್ಟು ಇದ್ದಲ್ಲೇ ನಿಲ್ಲುತ್ತದೆ. ಆಮೇಲೆ ಜನರೇಟರಿನಿಂದಲೋ, ಬ್ರೇಕನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಲೋ ಕೆಳಗಿಳಿಸುತ್ತಾರೆ. ಅಲ್ಲಿಯವರೆಗೆ ಅಡ್ಡಸರಳನ್ನು ಮುಟ್ಟದೆ ಕೂತಿರಬೇಕು, ಮೇಲೆ ಗಾಳಿ ತಣ್ಣಗಿರುತ್ತದೆ, ಮಗಳಿಗೊಂದು ಸ್ವೆಟರ್ ಹಾಕಿರಿ.