ದಪ್ಪು, ಡಿಜೆ, ದಸ್ತಾವೇಜು: ರ‍್ಯಾಪ್ ಗುಂಪಿನವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ನಾಲ್ಕು ಮಂದಿ ಗುಂಪು. ಇಬ್ಬರು ಬರೀತೀವಿ, ಒಬ್ಬಾವ ಬೀಟ್ ಕಟ್ತಾನ, ಇನ್ನೊಬ್ಬಾವ ಡಿಜೆ. ಹನ್ನೊಂದು ಹಾಡು ಬಿಟ್ಟೀವಿ. ಈಗ ಬರೆಯಾವ ಒಬ್ಬ ಬೆಂಗಳೂರಿಗೆ ಹೊಂಟಾನ. ಹಾಡು ಯಾರವು?
– ಓದುಗರು, ಜಮಖಂಡಿ

ಉತ್ತರ: ಪ್ರತಿ ಹಾಡಿನಲ್ಲೂ ಎರಡು ಆಸ್ತಿ ಇರುತ್ತವೆ. ಸಾಹಿತ್ಯ–ಸಂಗೀತ ಒಂದು, ಧ್ವನಿಮುದ್ರಣ ಇನ್ನೊಂದು. ಮೊದಲನೆಯದು ಬರೆದವರದು, ಬೀಟ್ ಕಟ್ಟಿದವನದು. ಎರಡನೆಯದು ಮುದ್ರಣ ಮಾಡಿಸುವ ಹೊಣೆ ಹೊತ್ತವರದು. ಹೀಗಾಗಿ ನಿಮಗಾಗಿ ಸ್ಟುಡಿಯೊ ಬಾಡಿಗೆ ಕಟ್ಟಿದ ಮಾವನೂ ನಾಳೆ ‘ಇದು ನಂದು’ ಅಂದಾನು. ಬೆಂಗಳೂರಿಗೆ ಹೊರಟವನು ಬಸ್ ಹತ್ತುವ ಮೊದಲೇ ಹಾಡಿಗೊಂದು ಹಾಳೆ ಬರೆಯಿರಿ: ಹಾಡಿನ ಹೆಸರು, ಯಾವ ನುಡಿ ಯಾರದು, ಬೀಟ್ ಯಾರದು, ಸಾಹಿತ್ಯ–ಸಂಗೀತದ ಪಾಲು ಕೂಡಿ 100, ಮುದ್ರಣದ ಪಾಲು ಬೇರೆಯಾಗಿ ಕೂಡಿ 100, ನಾಲ್ವರ ಸಹಿ, ತಾರೀಖು. ಡಿಜೆ ಬರೀ ಸ್ಕ್ರ್ಯಾಚ್ (ರೆಕಾರ್ಡನ್ನು ಕೈಯಿಂದ ಹಿಂದೆಮುಂದೆ ಆಡಿಸಿ ಸದ್ದು ತೆಗೆಯುವುದು) ಮಾಡಿದ್ದರೆ ಅವನಿಗೆ ಮುದ್ರಣದಲ್ಲಿ ಪಾಲು ಕೊಡುವುದು ನ್ಯಾಯ. ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಸಾಹಿತ್ಯಕ್ಕೆ ಅಥವಾ ಸಂಗೀತಕ್ಕೆ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000.

ನಿಜವಾದ ಜಗಳ ಹತ್ತುವುದು ಮಾತ್ರ ಇನ್ನೊಂದು ಕಡೆ. ಹಾಡು ಏರಿಸುವ ಖಾತೆಯ ಪಾಸ್‌ವರ್ಡ್, ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿವೆ? ಹೊರಡುವವನ ಹೆಸರಿನಲ್ಲಿದ್ದರೆ ಈ ವಾರವೇ ಬದಲಿಸಿಕೊಳ್ಳಿ. ಗುಂಪಿನ ಹೆಸರನ್ನು ಟ್ರೇಡ್‌ಮಾರ್ಕ್‌ನ 41ನೇ ವರ್ಗದಲ್ಲಿ (ಮನರಂಜನೆ ಇದರಲ್ಲಿ ಬರುತ್ತದೆ) ಹಾಕಿಸಬಹುದು. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ.

ಹೋಗುವವನನ್ನು ವೈರಿ ಮಾಡಿಕೊಳ್ಳಬೇಡಿ. ನ್ಯೂಯಾರ್ಕಿನ ವು-ಟ್ಯಾಂಗ್ ಕ್ಲ್ಯಾನ್ ಎಂಬ ರ‍್ಯಾಪ್ ಗುಂಪು ರೆಕಾರ್ಡ್ ಕಂಪನಿಗೆ ಸಹಿ ಹಾಕುವಾಗಲೇ, ಪ್ರತಿ ಸದಸ್ಯನೂ ಒಬ್ಬನಾಗಿ ಬೇರೆ ಕಂಪನಿಯ ಜೊತೆ ಹಾಡಬಹುದು ಎಂಬ ಷರತ್ತು ಬರೆಸಿಕೊಂಡಿತ್ತು. ನಿಮ್ಮ ಹಾಳೆಯಲ್ಲೂ ಅದೊಂದು ಸಾಲು ಇರಲಿ.

ಪ್ರಶ್ನೆ: ಹಳೇ ಕ್ಯಾಸೆಟ್ಟಿನ ಗೀಗೀ ಪದ ಕತ್ತರಿಸಿ ಬೀಟಿಗೆ ಹಾಕಬೇಕಂತೀವಿ. ಜನಪದಕ್ಕೆ ಮಾಲೀಕರು ಇರ್ತಾರೇನ್ರಿ?
– ಓದುಗರು, ಇಂಡಿ

ಉತ್ತರ: ಪದದ ಕೊನೆಯ ನುಡಿ ಕೇಳಿ. ಲಾವಣಿ, ಗೀಗೀ ಕವಿಗಳು ಅಲ್ಲಿ ತಮ್ಮ ಹೆಸರು, ಊರು, ಗುರುವಿನ ಹೆಸರು ಕೂಡಿಸಿರುತ್ತಾರೆ. ಹೆಸರು ಸಿಕ್ಕಿತೆಂದರೆ ಅದು ಬರೆದವರಿರುವ ಪದ. ಕವಿ ತೀರಿಹೋದ ಮೇಲೂ 60 ವರ್ಷ ಹಕ್ಕು ಮನೆಯವರದೇ. ಕ್ಯಾಸೆಟ್ಟಿನ ಮುದ್ರಣದ ಹಕ್ಕು ಬೇರೆ: ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1985ರ ಕ್ಯಾಸೆಟ್ಟಾದರೆ 2045ರ ಕೊನೆಯವರೆಗೆ. ‘ನಾಲ್ಕು ಸೆಕೆಂಡ್ ತಗೊಂಡರ ನಡೀತೈತಿ’ ಅನ್ನುವ ಮಾತು ಎಲ್ಲ ಊರಲ್ಲೂ ಇದೆ, ಕಾನೂನಿನಲ್ಲಿ ಇಲ್ಲ. ಡೆ ಲಾ ಸೋಲ್ ಎಂಬ ಅಮೆರಿಕದ ಗುಂಪಿನ ಮೊದಲ ಆಲ್ಬಮ್ 1989ರದು. ಬೇರೆ ಹಾಡುಗಳಿಂದ ಕತ್ತರಿಸಿದ ತುಣುಕುಗಳ ಹಕ್ಕಿನ ತಕರಾರಿನಿಂದ ಅದು ಸ್ಟ್ರೀಮಿಂಗ್‌ಗೆ ಬಂದದ್ದು 2023ರ ಮಾರ್ಚ್‌ನಲ್ಲಿ.

ಸರಳ ದಾರಿ ಎಂದರೆ ಊರಿನ ಮೇಳವನ್ನೇ ಕರೆದು, ಸಂಭಾವನೆ ಕೊಟ್ಟು, ಒಪ್ಪಿಗೆ ಬರೆಸಿಕೊಂಡು ಹೊಸದಾಗಿ ರೆಕಾರ್ಡ್ ಮಾಡುವುದು. ಮೇಳ ರಂಗೇರಿದಂತೆ ಲಯವೂ ಏರುತ್ತದೆ. ನಿಮಿಷಕ್ಕೆ 88 ಪೆಟ್ಟಿನಲ್ಲಿ ಹಿಡಿದದ್ದು 100 ದಾಟಿರುತ್ತದೆ. ಆ ತುಣುಕನ್ನು ಮತ್ತೆ ಮತ್ತೆ ಸುತ್ತು (ಲೂಪ್) ಹಾಕಿದರೆ ಡ್ರಮ್ಮಿಗೆ ಕೂಡುವುದಿಲ್ಲ. ದಪ್ಪಿನವರಿಗೆ ಹೆಡ್‌ಫೋನಿನಲ್ಲಿ ಕ್ಲಿಕ್ (ಲಯ ಹಿಡಿಯಲು ಟಿಕ್ ಟಿಕ್ ಸದ್ದು) ಕೊಡಿ. ಅವರಿಗೆ ಒಗ್ಗದಿದ್ದರೆ ಒತ್ತಾಯ ಬೇಡ, ಆಮೇಲೆ ಒಂದೊಂದು ಬಾರ್ (ನಾಲ್ಕು ಪೆಟ್ಟಿನ ಆವರ್ತ) ಬಿಡಿಸಿ ಜೋಡಿಸಿಕೊಳ್ಳಿ. ದಪ್ಪಿನ ಚರ್ಮ ಬೆಂಕಿಗೆ ಕಾಸಿದಾಗ ಬಿಗಿ, ತಣ್ಣಗಾದಂತೆ ಸಡಿಲ. ಮಳೆಗಾಲದಲ್ಲಂತೂ ಬೇಗ ಇಳಿಯುತ್ತದೆ. ಎರಡೆರಡು ನಿಮಿಷದ ತುಂಡುಗಳಾಗಿ ಹಿಡಿದು ನಡುವೆ ಕಾಸಲು ಬಿಡಿ. ಮೈಕು ಒಂದೂವರೆ ಅಡಿ ದೂರ. ಒಂಟಿ ತಂತಿಯ ತುಂತುಣಿ ಬೇರೆ ಟ್ರ್ಯಾಕಿನಲ್ಲಿರಲಿ, ಇಲ್ಲವಾದರೆ ಅದರ ಶ್ರುತಿ ನಿಮ್ಮ ಬೇಸ್ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಪ್ರಶ್ನೆ: ನಿಮಿಷಕ್ಕ 90 ಪೆಟ್ಟಿನ ಬೀಟಿಗೆ ಬರೆದ ಸಾಲು ಕೂಡವಲ್ದು, ಉಸಿರೂ ಸಾಲವಲ್ದು.
– ಓದುಗರು, ಚಿಕ್ಕೋಡಿ

ಉತ್ತರ: 90ರ ಲಯದಲ್ಲಿ ಒಂದು ಬಾರ್ ಎಂದರೆ 2.67 ಸೆಕೆಂಡ್, 16 ಬಾರಿನ ನುಡಿ ಸುಮಾರು 43 ಸೆಕೆಂಡ್. ಬಾರಿನೊಳಗೆ ಅಕ್ಷರ ಕೂರುವ 16 ಮನೆಗಳಿವೆ. ಎಲ್ಲ ತುಂಬಿದರೆ ಉಸಿರೆಲ್ಲಿ? ಹತ್ತು–ಹನ್ನೆರಡು ಸಾಕು. ಪುಸ್ತಕದ ‘ಹೋಗುತ್ತಿದ್ದೇನೆ’ ಐದು ಮನೆ ತಿನ್ನುತ್ತದೆ, ನಿಮ್ಮ ‘ಹೊಂಟೀನಿ’ ಮೂರೇ. ‘ಬರುತ್ತಾನೆ, ತರುತ್ತಾನೆ’ ಎಂದು ಪ್ರತ್ಯಯದಿಂದ ಹುಟ್ಟುವ ಪ್ರಾಸ ನಾಲ್ಕು ಸಾಲಿಗೇ ಸಪ್ಪೆ. ಎರಡನೇ ಅಕ್ಷರದ ಹಳೆಯ ಪ್ರಾಸ ಹಿಡಿಯಿರಿ: ರೊಟ್ಟಿ, ಕಟ್ಟಿ, ಹೊಟ್ಟಿ. ಆ ‘ಟ್ಟ’ ಎರಡನೇ, ನಾಲ್ಕನೇ ಪೆಟ್ಟಿನ ಸ್ನೇರ್ ಡ್ರಮ್ಮಿನ ಮೇಲೆ ಬಿದ್ದರೆ ಬೀಟೇ ಮಾತಾಡಿದಂತೆ ಕೇಳುತ್ತದೆ. ಉಸಿರಿಗೆ ಉಪಾಯ ಹರದೇಶಿ–ನಾಗೇಶಿ ಎಂಬ ಸವಾಲ್–ಜವಾಬಿನ ಗೀಗೀ ಮೇಳದಲ್ಲೇ ಇದೆ: ಹಿಮ್ಮೇಳ ಸಾಲಿನ ತುದಿ ಎತ್ತಿಕೊಂಡಾಗ ಮುಮ್ಮೇಳ ಉಸಿರೆಳೆದುಕೊಳ್ಳುತ್ತದೆ. ಪ್ರತಿ ನಾಲ್ಕನೇ ಬಾರಿನ ಕೊನೆಯ ಪದ ಜೊತೆಗಾರನಿಗೆ ಬಿಡಿ.

ಪ್ರಶ್ನೆ: ಸ್ಟ್ರೀಮಿಂಗ್ ರೊಕ್ಕದಾಗ ಜೀವನ ನಡೀತೈತೇನ್ರಿ?
– ಓದುಗರು, ಸಿಂದಗಿ

ಉತ್ತರ: ಇಲ್ಲ. ಕಾರ್ಯಕ್ರಮದ ಸಂಭಾವನೆಯೇ ಗಟ್ಟಿ. ಆದರೂ ಬರೆಯುವವರು, ಸಂಗೀತ ಕಟ್ಟುವವರು ಹಾಡಿನ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಪಡೆಯಿರಿ, ಬರಬೇಕಾದದ್ದನ್ನು ಬಿಡಬಾರದು.

ಪ್ರಶ್ನೆ: ಜಾತ್ರಿ ಸ್ಟೇಜಿನ ಮ್ಯಾಲೆ ರೆಕಾರ್ಡಿನ ಮುಳ್ಳು ಜಿಗೀತೈತಿ, ಮೈಕು ಕೀಂಯ್ ಅಂತೈತಿ.
– ಓದುಗರು, ಗೋಕಾಕ

ಉತ್ತರ: ಹಲಗೆಯ ಸ್ಟೇಜ್ ಕುಣಿದರೆ ಮುಳ್ಳೂ ಕುಣಿಯುತ್ತದೆ. ಮೇಜಿನ ಮೇಲೆ ಎರಡಿಂಚಿನ ಫೋಮ್, ಅದರ ಮೇಲೆ ಪರಸಿ ಕಲ್ಲು, ಅದರ ಮೇಲೆ ಟರ್ನ್‌ಟೇಬಲ್ ಇಡಿ. ಬೇಸ್ ಬಾಕ್ಸ್ ಆ ಮೇಜಿನಿಂದ ದೂರ ಇರಲಿ. ಗುಂಯ್ ಶಬ್ದ ಬಂದರೆ ಟರ್ನ್‌ಟೇಬಲ್ಲಿನ ಅರ್ಥಿಂಗ್ ತಂತಿ ಮಿಕ್ಸರಿಗೆ ಸಿಕ್ಕಿಲ್ಲ ಎಂದರ್ಥ. ಇನ್ನು ಮೈಕಿನ ಜಾಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಶೋಕಿ ಬಿಡಿ. ಮುಚ್ಚಿದ ಮೈಕು ಎಲ್ಲ ದಿಕ್ಕಿನ ಸದ್ದು ಎಳೆದುಕೊಂಡು ಕೂಗುತ್ತದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಭಾಷಣ, ಸನ್ಮಾನ ಮುಗಿದು ನಿಮ್ಮ ಪಾಳಿ ಬರುವಷ್ಟರಲ್ಲಿ ಪೊಲೀಸರು ಬಂದು ಬಂದ್ ಮಾಡಿಸುತ್ತಾರೆ. ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಕಮಿಟಿಯವರಿಂದ 8ರಿಂದ 9ರ ನಡುವಿನ ವೇಳೆ ಬರೆಸಿಕೊಳ್ಳಿ. ಹಾಡುವ ದನಿಯಿಲ್ಲದ ಬರೀ ಬೀಟ್ ಎರಡು ಪೆನ್‌ಡ್ರೈವಿನಲ್ಲಿ, ಒಂದು ಮೊಬೈಲಿನಲ್ಲಿ ಇರಲಿ. ಮೊಬೈಲಿನ ಕೇಬಲ್ಲೂ ನಿಮ್ಮದೇ ಇರಲಿ.