ಸಂಪೂರ್ಣ ಅರಿವಳಿಕೆಯಿಂದ ಹಿರಿಯರ ಬುದ್ಧಿ ಮಂಕಾಗುವುದೇ?

ಪ್ರಶ್ನೆ: 72 ವರ್ಷದ ನಮ್ಮ ತಂದೆಯವರ ಸೊಂಟದ ಮೂಳೆ ಮುರಿದಿದ್ದು, ಶಸ್ತ್ರಚಿಕಿತ್ಸೆ ಆಗಬೇಕಿದೆ. ಸಂಪೂರ್ಣ ಅರಿವಳಿಕೆ ಕೊಟ್ಟರೆ ನೆನಪು ಕೆಡುತ್ತದೆ, ಬೆನ್ನಿಗೆ ಚುಚ್ಚುಮದ್ದು ಕೊಡುವುದೇ ಕ್ಷೇಮ ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಮ್ಮ ಆತಂಕ ಸಹಜವಾದದ್ದು, ವೈದ್ಯರಲ್ಲೂ ಬಹುಕಾಲ ಇದೇ ನಂಬಿಕೆಯಿತ್ತು. ಅದನ್ನು ಪರೀಕ್ಷಿಸಲೆಂದು ಅಮೆರಿಕ ಮತ್ತು ಕೆನಡಾದ 46 ಆಸ್ಪತ್ರೆಗಳಲ್ಲಿ, ಸೊಂಟದ ಮೂಳೆ ಮುರಿದಿದ್ದ 50 ವರ್ಷ ಮೀರಿದ 1,600 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಬೆನ್ನಿನ ಅರಿವಳಿಕೆಯನ್ನೂ ಇನ್ನೊಂದಕ್ಕೆ ಸಂಪೂರ್ಣ ಅರಿವಳಿಕೆಯನ್ನೂ ನಿಗದಿಪಡಿಸಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 60 ದಿನಗಳೊಳಗೆ ಮೃತಪಟ್ಟವರು ಅಥವಾ ಅಷ್ಟರಲ್ಲಿ ಇತರರ ನೆರವಿಲ್ಲದೆ ನಡೆಯಲಾಗದವರು ಮೊದಲ ಗುಂಪಿನಲ್ಲಿ ಶೇ. 18.5, ಎರಡನೆಯದರಲ್ಲಿ ಶೇ. 18. ಶಸ್ತ್ರಚಿಕಿತ್ಸೆಯ ನಂತರ ಬುದ್ಧಿ ಮಂಕಾಗಿ ಗೊಂದಲಗೊಳ್ಳುವ ಸ್ಥಿತಿ, ಅಂದರೆ ಡೆಲಿರಿಯಮ್, ಎರಡೂ ಗುಂಪುಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕಾಣಿಸಿಕೊಂಡಿತು. ಚೀನಾದಲ್ಲಿ 65 ದಾಟಿದ 950 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ, ನೆನಪಿನ ಭಯವೊಂದರಿಂದಲೇ ಸಂಪೂರ್ಣ ಅರಿವಳಿಕೆಯನ್ನು ನಿರಾಕರಿಸಬೇಕಾಗಿಲ್ಲ. ಹೃದಯ, ಶ್ವಾಸಕೋಶಗಳ ಸ್ಥಿತಿ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳ ಬಳಕೆಯನ್ನು ನೋಡಿ ಅರಿವಳಿಕೆ ತಜ್ಞರು ಕ್ರಮವನ್ನು ನಿರ್ಧರಿಸುತ್ತಾರೆ. ನಿಮ್ಮ ಕೈಯಲ್ಲಿರುವುದೂ ಕಡಿಮೆಯೇನಲ್ಲ: ಎಚ್ಚರವಾದೊಡನೆ ಕನ್ನಡಕ ಮತ್ತು ಶ್ರವಣಸಾಧನವನ್ನು ಕೊಡಿ, ಪರಿಚಿತರೊಬ್ಬರು ಬಳಿಯಲ್ಲಿದ್ದು ಮಾತನಾಡಿಸಲಿ, ರಾತ್ರಿಯ ನಿದ್ದೆ ಕೆಡದಿರಲಿ, ನೋವಿದ್ದರೆ ದಾದಿಯರಿಗೆ ತಕ್ಷಣ ತಿಳಿಸಿ. ಈಗಾಗಲೇ ಮರೆವಿನ ತೊಂದರೆಯಿದ್ದರೆ, ಅಥವಾ ಅವರು ನಿದ್ರೆಮಾತ್ರೆ ಸೇವಿಸುತ್ತಿದ್ದರೆ, ಅದನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ತಜ್ಞರಿಗೆ ಹೇಳಿ.