ಬೆಂಗಳೂರಿನ ಪೀಣ್ಯದ ಪಕ್ಕದ ಲಗ್ಗೆರೆ, ಹೆಗ್ಗನಹಳ್ಳಿ ಕಡೆ ಮನೆಗಳು ಹೇಗಿರುತ್ತವೆ, ಯಾರು ವಾಸ ಮಾಡುತ್ತಾರೆ?

ಹೆಚ್ಚಿನವರು ಕಾರ್ಖಾನೆ, ಗಾರ್ಮೆಂಟ್ಸ್ ಕೆಲಸಗಾರರು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದಂತೆ ಸುತ್ತಲಿನ ಹಳ್ಳಿಗಳ ಹೊಲಗಳು ರೆವಿನ್ಯೂ ಸೈಟುಗಳಾದವು, ಅಂದರೆ ಬಡಾವಣೆಗೆ ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲೇ ಮಾಡಿದ ಸೈಟುಗಳು. 20×30 ಅಡಿ ಜಾಗದಲ್ಲೇ ಮೂರು ನಾಲ್ಕು ಮಹಡಿ. ಮಾಲೀಕರು ಒಂದರಲ್ಲಿದ್ದು, ಉಳಿದದ್ದನ್ನು ಬಾಡಿಗೆಗೆ ಕೊಡುತ್ತಾರೆ. ಸಾಲಾಗಿ ಒಂದೊಂದೇ ಕೋಣೆಯ ವಠಾರಗಳೂ ಇವೆ. ಅಲ್ಲಿ ಶೌಚಾಲಯ, ನೀರಿನ ನಲ್ಲಿ ಹಂಚಿಕೊಳ್ಳಬೇಕು. ಬೆಳಗ್ಗೆ ಎಲ್ಲರೂ ಒಟ್ಟಿಗೆ ಶಿಫ್ಟಿಗೆ ಹೊರಡುವಾಗ ಕಷ್ಟ ಜಾಸ್ತಿ, ಅದರಲ್ಲೂ ಹೆಂಗಸರಿಗೆ.

ಮೊದಲು ಬಂದವರಲ್ಲಿ ತುಮಕೂರು, ಹಾಸನ, ಮಂಡ್ಯ ಕಡೆಯವರು ತುಂಬಾ. ಊರು ಹತ್ತಿರ ಅಲ್ವಾ, ಹಬ್ಬಕ್ಕೆ ಹೋಗಿ ಬರಬಹುದು. ಆಮೇಲೆ ಉತ್ತರ ಕರ್ನಾಟಕದವರು, ಈಚೆಗೆ ಒಡಿಶಾ, ಬಿಹಾರದ ಹುಡುಗರು. ಅವರು ನಾಲ್ಕೈದು ಜನ ಸೇರಿ ಒಂದು ರೂಮು ಹಿಡಿಯುತ್ತಾರೆ.

2014ರಲ್ಲಿ ಪೀಣ್ಯಕ್ಕೆ ಮೆಟ್ರೊ ಬಂತು. ಆದರೆ ನನ್ನ ಪ್ರಕಾರ ಇಲ್ಲಿನವರಿಗೆ ಮೊದಲು ಬೇಕಿರುವುದು ನೀರು ಮತ್ತು ಗಾಳಿಯಾಡುವ ಕೋಣೆ.